ಮೂರು ಗಂಟೆಯ ನಾಡಿ

ಜೂನ್ ೩, ಸೋಮವಾರ

ತಂಗಿಗೆ ಹದಿನೈದು ದಿನಕ್ಕೊಮ್ಮೆ ಕಾಗದ ಬರೆಯುವುದು ನನಗೆ ಮೂವತ್ತು ವರ್ಷದ ಅಭ್ಯಾಸ. ಫೋನಿನಲ್ಲಾದರೆ ಅವಳು ಅರ್ಧ ಕೇಳಿಸಿಕೊಳ್ಳುತ್ತಾಳೆ, ಉಳಿದರ್ಧ ಗಮನ ಒಲೆಯ ಮೇಲೆ. ಕಾಗದವಾದರೆ ಎರಡೆರಡು ಸಲ ಓದುತ್ತಾಳೆ. ಈ ಸಲ ಬರೆಯುವ ಹಾಗಿಲ್ಲ. ಯಾರಿಗೂ ಹೇಳಬಾರದು, ಬರೆಯಬಾರದು ಎಂದು ಮೇಟ್ರನ್ ಕಟ್ಟುನಿಟ್ಟು ಮಾಡಿದ್ದಾರೆ. ಹೊಟ್ಟೆಯೊಳಗೆ ಇಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ. ಅದಕ್ಕೇ ಈ ನೋಟುಬುಕ್ಕು.

ಬೆಳಿಗ್ಗೆ ಪಾಳಿ ಒಪ್ಪಿಸಿಕೊಳ್ಳುವ ಹೊತ್ತಿಗೆ ಕಚೇರಿಯ ಜವಾನ ಬಂದು ದಪ್ಪ ಲಕೋಟೆ ಕೊಟ್ಟು, ಸಹಿ ಹಾಕಿಸಿಕೊಂಡು ಹೋದ. ಕೋರ್ಟಿನ ನೋಟೀಸು. ಹೋದ ನವೆಂಬರಿನ ಹದಿನಾಲ್ಕನೇ ಮಂಚದ್ದು. ಆಸ್ಪತ್ರೆ ಮೊದಲನೇ ಪ್ರತಿವಾದಿ, ಸರ್ಜನ್ ಎರಡನೆಯವರು, ನಾನು ಮೂರನೆಯವಳು. ಶಾಲೆಯಲ್ಲಿ ಒಂದು ಸಲವೂ ಮೊದಲ ಮೂವರಲ್ಲಿ ಬಂದವಳಲ್ಲ ನಾನು.

ಹದಿನಾಲ್ಕನೇ ಮಂಚ ಅಂದರೆ ಪಿತ್ತಕೋಶದ ಕಲ್ಲಿನ ಕೇಸು. ಹೆಂಗಸು, ಎಪ್ಪತ್ತೊಂದು ವರ್ಷ. ಬೆಳಿಗ್ಗೆ ಆಪರೇಷನ್ ಆಗಿ ಹನ್ನೆರಡಕ್ಕೆ ವಾರ್ಡಿಗೆ ಬಂತು. ಒಳಗೆ ರಕ್ತ ಸೋರುತ್ತಿದ್ದದ್ದು ಯಾರಿಗೂ ತಿಳಿಯಲಿಲ್ಲ. ಮೂರು ನಲವತ್ತಕ್ಕೆ ಆಯಾ ಹೋಗಿ ನೋಡಿದಾಗ ಮೈ ತಣ್ಣಗೆ, ಹಣೆ ತುಂಬ ಬೆವರು, ಬಿಪಿ ಎಪ್ಪತ್ತು. ಹತ್ತು ನಿಮಿಷದೊಳಗೆ ಥಿಯೇಟರಿಗೆ ಒಯ್ದೆವು. ಅಲ್ಲೇ ಹೋಯಿತು. ಈಗ ಮಗಳು ಕೇಸು ಹಾಕಿದ್ದಾಳೆ.

ಆಪರೇಷನ್ ಆದವರ ನಾಡಿ, ಬಿಪಿ ಗಂಟೆಗೊಂದು ಸಲ ನೋಡಿ ಚಾರ್ಟಿನಲ್ಲಿ ಬರೆಯಬೇಕು. ಬರೆದಿದ್ದೇನೆ. ಒಂದು, ಎರಡು, ಮೂರು. ನಾಲ್ಕೂ ಇದೆ, ಅದೇ ಫಜೀತಿ. ನಾಲ್ಕು ಗಂಟೆಗೆ ಆ ರೋಗಿ ಮಂಚದ ಮೇಲೆ ಇರಲೇ ಇಲ್ಲ. ಆದರೂ ನನ್ನ ಕೈಬರಹದಲ್ಲಿ ನಾಲ್ಕು ಗಂಟೆಯ ಎದುರು ನಾಡಿ ಎಂಬತ್ತನಾಲ್ಕು, ಬಿಪಿ ನೂರ ಹದಿನೆಂಟು ಅಂತ ಠೀವಿಯಾಗಿ ಕೂತಿದೆ. ನಮ್ಮ ವಾರ್ಡಿನಲ್ಲಿ ಇದಕ್ಕೆ ಮುಂಗಡ ಅನ್ನುತ್ತೇವೆ. ರೋಗಿ ಗಟ್ಟಿಯಾಗಿದ್ದು ಕೈ ಬಿಡುವಿಲ್ಲದಿದ್ದರೆ ಮುಂದಿನ ಗಂಟೆಯದನ್ನೂ ಬರೆದಿಟ್ಟು ಓಡುವುದು, ಆಮೇಲೆ ಹೋಗಿ ನೋಡಿ ಬೇರೆ ಇದ್ದರೆ ತಿದ್ದುವುದು. ಎಲ್ಲರೂ ಮಾಡುತ್ತಾರೆ. ನನಗೆ ಕಲಿಸಿದವರೂ ಮಾಡುತ್ತಿದ್ದರು. ಅವತ್ತು ಇಪ್ಪತ್ತೆರಡು ಮಂಚಕ್ಕೆ ನಾವಿಬ್ಬರೇ ನರ್ಸುಗಳು.

ನಾಲ್ಕು ಮುಂಗಡ, ನಿಜ. ಮೂರಕ್ಕೆ ಹೋಗಿ ನೋಡಿಯೇ ಬರೆದದ್ದು. ನಾನು ತಪ್ಪು ಮಾಡಿಲ್ಲ.

ಜೂನ್ ೪, ಮಂಗಳವಾರ

ಮನೆಯವರಿಗೆ ಹೇಳದೆ ಇರಲಾಗಲಿಲ್ಲ. ಮೂವತ್ತೈದು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದಿ ನಿವೃತ್ತರಾದವರು. ಈಗ ಓದುವುದಕ್ಕೆ ನನ್ನ ಮುಖವೊಂದೇ ಉಳಿದಿರುವುದು.

“ಮೂರನೇ ಪ್ರತಿವಾದಿ ಅಂದ್ರೆ ಏನೇ? ಜೈಲಿಗೆ ಹಾಕ್ತಾರಾ?”

“ಜೈಲಲ್ಲ. ಪರಿಹಾರ ಕೇಳಿದ್ದಾರೆ. ನನ್ನ ನೋಂದಣಿ ರದ್ದು ಮಾಡಿ ಅಂತ ನರ್ಸಿಂಗ್ ಕೌನ್ಸಿಲಿಗೂ ಬರ್ದಿದ್ದಾರಂತೆ.”

“ರದ್ದಾದ್ರೆ?”

“ನಾನು ನರ್ಸಲ್ಲ.”

“ಅದ್ಹೇಗಾಗತ್ತೆ? ಹಾಗಾದ್ರೆ ನನ್ನ ಬಾಯಿಗೆ ಥರ್ಮಾಮೀಟರ್ ತುರುಕೋದು ಯಾರು?”

ನಗಿಸಲು ಅಂದದ್ದು. ಆಮೇಲೆ ಹೋಗಿ ಗೋಡೆಯ ಮೇಲಿನ ನನ್ನ ನೋಂದಣಿ ಪತ್ರದ ಧೂಳು ಒರೆಸಿದರು. ಹತ್ತೊಂಬತ್ತನೇ ವಯಸ್ಸಿಗೆ ಆಸ್ಪತ್ರೆಯ ನೆಲ ಒರೆಸಲು ಸೇರಿದವಳು ನಾನು. ಬಳಸಿ ಬಿಸಾಡಿದ ಚಾರ್ಟುಗಳ ಬೆನ್ನ ಮೇಲೆ ಅಕ್ಷರ ತಿದ್ದಿದೆ, ಸಂಜೆ ತರಗತಿಗೆ ಹೋದೆ, ಎರಡು ಸಲ ನಪಾಸಾದೆ. ಆ ಕಾಗದ ಕೈಗೆ ಬಂದಾಗ ಮೂವತ್ತೊಂದು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ.

ಜೂನ್ ೬, ಗುರುವಾರ

ಮೇಟ್ರನ್ ಕರೆಸಿದರು. ಬಾಗಿಲು ಮುಂದೆ ಮಾಡಿ ಅಂದರು, “ಆ ಫೈಲು ಇನ್ನೂ ನಮ್ಮ ರೆಕಾರ್ಡ್ ರೂಮಲ್ಲೇ ಇದೆ. ಕೋರ್ಟಿಗೆ ಹೋಗೋದು ಮುಂದಿನ ವಾರ. ಒಂದ್ಸಲ ನೋಡ್ಕೊಂಡು ಬಾ.”

“ನೋಡ್ಕೊಂಡು ಬಂದ್ರೆ ಏನಾಗತ್ತೆ ಮೇಡಂ?”

“ನೋಡ್ಕೊಂಡು ಬಾ ಅಂದೆ. ಬೇರೇನೂ ಅನ್ನಲಿಲ್ಲ ನಾನು.”

ಹೋದೆ. ರೆಕಾರ್ಡ್ ರೂಮಿನವರು ಫೈಲು ತೆಗೆದುಕೊಟ್ಟು, ಗಡಿಯಾರ ನೋಡಿ, ಚಹಾ ಕುಡಿದು ಬರ್ತೀನಿ ಸಿಸ್ಟರ್, ಹತ್ತು ನಿಮಿಷ ಎಂದು ಹೊರಟೇಬಿಟ್ಟರು. ಅವರಿಗೂ ಯಾರೋ ಹೇಳಿಟ್ಟಿರಬೇಕು. ಚಾರ್ಟು ನನ್ನ ಮುಂದೆ. ಜೇಬಿನಲ್ಲಿ ಅದೇ ನೀಲಿ ಪೆನ್ನು. ನಾಲ್ಕರ ಸಾಲಿಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ತಪ್ಪಾಗಿ ಬರೆದದ್ದು’ ಎಂದು ಬರೆದು ಅವತ್ತಿನದೇ ತಾರೀಖು ಹಾಕಿದರೆ ಮುಗಿಯಿತು. ಪೆನ್ನಿನ ಮುಚ್ಚಳವನ್ನೂ ತೆಗೆದೆ.

ತೆಗೆದವಳು ಯಾಕೋ ಹಾಳೆ ತಿರುವಿದೆ. ದಾಖಲಾಗುವಾಗ ರೋಗಿಯ ಹತ್ತಿರ ಇದ್ದ ಸಾಮಾನಿನ ಪಟ್ಟಿ ಸಿಕ್ಕಿತು. ಕನ್ನಡಕ ಒಂದು. ಕೈಗಡಿಯಾರ ಒಂದು. ಅರ್ಧ ಹೆಣೆದ ಸ್ವೆಟರ್, ಸೂಜಿ ಎರಡು. ಉದ್ಯೋಗದ ಮುಂದೆ ಬಸ್ಸು ನಿಲ್ದಾಣದ ಟಿಕೆಟ್ ಕೌಂಟರ್, ನಿವೃತ್ತಿ ಎಂದಿತ್ತು. ಕೆಳಗೆ ದೊಡ್ಡ ದೊಡ್ಡ ಅಕ್ಷರದ ಸಹಿ. ದಿನಕ್ಕೆ ಸಾವಿರ ಜನರ ಜೊತೆ ಜಗಳವಾಡಿದ ಕೈಯದು ಅನ್ನಿಸಿತು.

ಆ ಸ್ವೆಟರ್ ಯಾರಿಗೆ ಹೆಣೆಯುತ್ತಿದ್ದಿರಬಹುದು ಎಂದು ಯೋಚಿಸುತ್ತ ಕೂತಿದ್ದೆ, ಅಷ್ಟರಲ್ಲಿ ರೆಕಾರ್ಡ್ ರೂಮಿನವರು ಚಹಾ ಕುಡಿದು ಬಂದೇಬಿಟ್ಟರು. ಫೈಲು ವಾಪಸು ಕೊಟ್ಟೆ.

ಜೂನ್ ೧೦, ಸೋಮವಾರ

ಆಸ್ಪತ್ರೆಯ ವಕೀಲರು ಬಂದಿದ್ದರು. ಬಹಳ ನಗುಮುಖ. ನಾವೆಲ್ಲ ಒಂದೇ ಮನೆಯವರು ಸಿಸ್ಟರ್, ನಿಮಗೆ ಬೇರೆ ವಕೀಲರು ಯಾಕೆ ಅಂದರು. ಒಂದು ಕಾಗದಕ್ಕೆ ಸಹಿ ಹಾಕಿ ಅಂದರು. ಓದಿ ಹಾಕ್ತೀನಿ ಎಂದು ಮನೆಗೆ ತಂದೆ.

ಮನೆಯವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಒಂದೇ ಮನೆ ಅಂದ್ರಲ್ಲ, ಪಾತ್ರೆ ತೊಳೆಯೋರು ಯಾರು ಅಂತ ಕೇಳಿದ್ಯಾ? ಇಲ್ನೋಡು. ಆಸ್ಪತ್ರೆಯ ನಿಯಮ ಮೀರಿ ಸಿಬ್ಬಂದಿ ತಾವಾಗಿ ಮಾಡಿದ್ದಕ್ಕೆ ಆಸ್ಪತ್ರೆ ಹೊಣೆಯಲ್ಲ. ಸರಿಯಾಗಿ ತೊಳೆಸ್ತಾರೆ ನಿನ್ನ ಕೈಲಿ.”

ನಾಳೆ ನರ್ಸುಗಳ ಸಂಘಕ್ಕೆ ಹೋಗಬೇಕು. ಅಲ್ಲಿ ನಮ್ಮ ಕಡೆಯ ವಕೀಲರನ್ನು ಕೊಡುತ್ತಾರಂತೆ.

ಜೂನ್ ೧೪, ಶುಕ್ರವಾರ

ಸಂಘದ ವಕೀಲಮ್ಮನಿಗೆ ನಲವತ್ತೂ ಆಗಿಲ್ಲ. ಕೋಣೆ ಪುಟ್ಟದು, ಕುರ್ಚಿಗಳ ಮೇಲೆಲ್ಲ ಫೈಲು. ಒಂದು ಕುರ್ಚಿ ಖಾಲಿ ಮಾಡಿ ನನ್ನನ್ನು ಕೂರಿಸಿ, ತಾನು ಮೇಜಿನ ಅಂಚಿಗೆ ಒರಗಿ ನಿಂತಳು.

“ಚಾರ್ಟ್ ಮುಟ್ಟಿದ್ರಾ ಅಮ್ಮಾ?”

“ಇಲ್ಲಮ್ಮ. ಪೆನ್ನು ಕೈಲಿತ್ತು, ಆದ್ರೆ...”

“ಪೆನ್ನಿನ ವಿಷಯ ನಾನು ಕೇಳಲಿಲ್ಲ. ಮುಟ್ಟಿದ್ರಾ ಅಂದ್ರೆ ಇಲ್ಲ. ಅಲ್ಲಿಗೆ ಬಾಯಿ ಮುಚ್ಚಬೇಕು. ಮುಟ್ಟಿದ್ರೆ ಏನಾಗ್ತಿತ್ತು ಗೊತ್ತಾ? ಶಾಯಿ ಯಾವಾಗಿಂದು ಅಂತ ಪರೀಕ್ಷೆ ಮಾಡಿಸ್ತಾರೆ. ಆಮೇಲೆ ನೀವು ಸೂರ್ಯ ಪೂರ್ವದಲ್ಲಿ ಹುಟ್ತಾನೆ ಅಂದ್ರೂ ಯಾರೂ ನಂಬಲ್ಲ.”

ಮಗಳ ಹತ್ತಿರ ಹೋಗಿ ಸಮಾಧಾನ ಹೇಳಬಾರದು. ಅವತ್ತು ಜೊತೆಗಿದ್ದ ನರ್ಸಿನ ಹತ್ತಿರ ಈ ಮಾತೆತ್ತಬಾರದು. ಆಸ್ಪತ್ರೆಯವರು ಕೊಟ್ಟದ್ದಕ್ಕೆ ತನಗೆ ತೋರಿಸದೆ ಸಹಿ ಹಾಕಬಾರದು. ಕೇಳಿದ್ದಕ್ಕಷ್ಟೇ ಉತ್ತರ. ಗೊತ್ತಿಲ್ಲ ಬೇರೆ, ನೆನಪಿಲ್ಲ ಬೇರೆ, ಎರಡನ್ನೂ ಕಲಸಬಾರದು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು.

“ಇದ್ರ ಬಗ್ಗೆ ಎಲ್ಲಾದ್ರೂ ಬರ್ದಿಟ್ಟಿದ್ದೀರಾ? ಡೈರಿ, ಮೆಸೇಜು? ಇದ್ರೆ ಅವರು ಅದನ್ನೂ ತರಿಸ್ಕೋಬಹುದು.”

ಇಲ್ಲ ಅಂದೆ. ಇದು ತಂಗಿಗೆ ಕಳಿಸದ ಕಾಗದ, ಡೈರಿಯಲ್ಲ. ಹಾಗಂದುಕೊಂಡರೆ ಸುಳ್ಳಾಗುವುದಿಲ್ಲ.

ಆಮೇಲೆ ಚಾರ್ಟಿನ ನಕಲು ತೆಗೆದು ಮೂರರ ಸಾಲಿನ ಮೇಲೆ ಬೆರಳಿಟ್ಟಳು. “ನಾಲ್ಕು ಮುಂಗಡ. ಮರ್ಯಾದೆಯಾಗಿ ಒಪ್ಕೊಳೋಣ, ಎಲ್ಲ ಕಡೆ ನಡಿಯೋದೇ ಅಂತ ತೋರಿಸೋಣ. ಆದ್ರೆ ಇದು? ಮೂರಕ್ಕೆ ಎಲ್ಲ ಸರಿಯಿತ್ತು ಅಂದ್ರೆ ಅವರಿಗೆ ಕೆಟ್ಟಿದ್ದು ಆಮೇಲೆ, ನಲವತ್ತು ನಿಮಿಷದೊಳಗೆ. ಯಾರಿದ್ರೂ ಕಷ್ಟವಾಗ್ತಿತ್ತು. ಮೂರಕ್ಕೆ ಯಾರೂ ನೋಡಿಲ್ಲ ಅಂದ್ರೆ ನೀವು ಎರಡರದು ನೋಡಿದ ಎರಡು ಹತ್ತರಿಂದ ಮೂರು ನಲವತ್ತು. ಒಂದೂವರೆ ಗಂಟೆ. ಅಷ್ಟರಲ್ಲಿ ಉಳಿಸಬಹುದಿತ್ತು ಅಂತಾರೆ ಅವರ ಡಾಕ್ಟರು. ನಿಮ್ಮ ನೋಂದಣಿ ನಿಂತಿರೋದು ಈ ಒಂದು ಅಂಕಿ ಮೇಲೆ ಅಮ್ಮಾ.”

“ಮೂರಕ್ಕೆ ಹೋಗಿ ನೋಡಿದ್ದೆ.”

“ಸರಿ ಹಾಗಾದ್ರೆ.” ಎಂದು ಬರೆದುಕೊಂಡಳು.

ಜೂನ್ ೨೭, ಗುರುವಾರ

ಮೂರು ಗಂಟೆಯದು ನನಗೆ ಚೆನ್ನಾಗಿ ನೆನಪಿದೆ. ಕಿಟಕಿಯ ಪರದೆ ಎಳೆದಿತ್ತು, ಆ ಅಮ್ಮ ಮಲಗಿದ್ದರು. ಎಬ್ಬಿಸುವುದು ಬೇಡವೆಂದು ಮೆಲ್ಲಗೆ ಮಣಿಕಟ್ಟು ಹಿಡಿದು ಎಣಿಸಿದೆ. ಎಂಬತ್ತನಾಲ್ಕು.

ವಕೀಲಮ್ಮ ಕೇಳಿದರೆ ಹೀಗೇ ಹೇಳಬೇಕು.

ಜುಲೈ ೨, ಮಂಗಳವಾರ

ಇವತ್ತು ಹದಿನಾಲ್ಕರಲ್ಲಿ ಬೇರೆ ರೋಗಿ. ಹಾಸಿಗೆ ಬದಲಿಸುವಾಗ ಮೂರು ಗಂಟೆಯದನ್ನು ಮತ್ತೆ ಜ್ಞಾಪಿಸಿಕೊಂಡೆ. ಎಚ್ಚರವಾಗಿದ್ದರು. ಎಷ್ಟು ಗಂಟೆ ಎಂದು ಕೇಳಿದರು, ಮೂರು ಅಂದೆ. ಮಗಳು ಬಂದಳಾ ಎಂದು ಕೇಳಿದರು.

ಹೋದ ವಾರ ಮಲಗಿದ್ದರು ಎಂದು ಬರೆದಿದ್ದೇನೆ. ಈಗ ತಿರುವಿ ನೋಡಿದೆ. ವಯಸ್ಸಾಯಿತು, ನೆನಪು ಹಿಂದೆ ಮುಂದೆ ಆಗುತ್ತದೆ.

ಆ ಮಂಚದ ಹತ್ತಿರ ಪರದೆಯೇ ಇಲ್ಲ. ಕಿಟಕಿ ಇರುವುದು ಹದಿನಾರಕ್ಕೆ.

ಜುಲೈ ೧೮, ಗುರುವಾರ

ಅವತ್ತು ನನ್ನ ಜೊತೆ ಪಾಳಿಯಲ್ಲಿದ್ದವಳನ್ನು ಇಡೀ ಆಸ್ಪತ್ರೆ ರೇಡಿಯೋ ಎಂದು ಕರೆಯುತ್ತದೆ. ಬೆಳಿಗ್ಗೆ ಹಾಕಿದರೆ ಪಾಳಿ ಮುಗಿಯುವ ತನಕ ನಿಲ್ಲುವುದಿಲ್ಲ. ಅವಳ ಹತ್ತಿರ ಮಾತೆತ್ತಬಾರದು ಎಂದು ವಕೀಲಮ್ಮ ಹೇಳಿದ ಮೇಲೆ ತಪ್ಪಿಸಿಕೊಂಡೇ ಓಡಾಡುತ್ತಿದ್ದೆ. ಇವತ್ತು ಒಗೆದ ಬಟ್ಟೆ ಜೋಡಿಸುವ ಕೋಣೆಯಲ್ಲಿ ಸಿಕ್ಕಿಬಿದ್ದೆ. ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ನೀವು ನನ್ನ ಹತ್ರ ಮಾತಾಡ್ಬೇಡಿ, ಸರಿ. ನಾನು ಮಾತಾಡ್ತೀನಿ, ನೀವು ದುಪ್ಪಟಿ ಮಡಚ್ತಾ ಇರಿ. ನನ್ನನ್ನೂ ಸಾಕ್ಷಿಗೆ ಕರೀತಾರಂತೆ.”

ಮಡಚುತ್ತಿದ್ದೆ.

“ಎರಡೂವರೆಯಿಂದ ಮೂರೂವರೆ ತನಕ ನಾವಿಬ್ರೂ ಆರನೇ ಮಂಚದ ಹತ್ರಾನೇ ಇದ್ವಿ. ಆ ಹೊಸ ಕೇಸಿಗೆ ಉಸಿರು ಸಿಗ್ತಿರಲಿಲ್ಲ, ನೀವು ಮಾಸ್ಕ್ ಹಿಡ್ಕೊಂಡಿದ್ರಿ, ನಾನು ಸೂಜಿ ಹಾಕೋಕೆ ನರ ಹುಡುಕ್ತಿದ್ದೆ. ಅಲ್ವಾ? ನೀವು ಅಲ್ಲಿಂದ ಒಂದು ಹೆಜ್ಜೆ ಕದಲಿಲ್ಲ. ಕದಲಿದ್ರೆ ಆ ಮನುಷ್ಯ ಇವತ್ತು ಇರ್ತಿರಲಿಲ್ಲ.”

ಇನ್ನೊಂದು ದುಪ್ಪಟಿ ಎತ್ತಿಕೊಂಡೆ.

“ಆದ್ರೆ ಅದೆಲ್ಲ ಯಾರಿಗೆ ಬೇಕು ಈಗ? ಹೋಗಿದ್ರು, ಮೂರಕ್ಕೆ ಸರಿಯಾಗಿ ಹದಿನಾಲ್ಕಕ್ಕೆ ಹೋಗ್ಬಂದ್ರು ಅಂತೀನಿ ನಾನು. ಪ್ರಮಾಣ ಮಾಡಿ ಹೇಳ್ತೀನಿ. ನಾನು ಸೇರಿದ ಹೊಸದ್ರಲ್ಲಿ ಔಷಧಿ ಕೆಡಿಸಿದ ತಪ್ಪನ್ನ ಯಾರು ಮೈಮೇಲೆ ಹಾಕ್ಕೊಂಡ್ರು? ಅಷ್ಟು ಮರ್ಯಾದೆ ಇದೆ ನನಗೆ.”

“ಹೋಗೇ, ಆರನೇ ಮಂಚದ ಡ್ರಿಪ್ ಮುಗೀತಾ ಬಂತು” ಅಂದೆ.

ಜುಲೈ ೧೯, ಶುಕ್ರವಾರ

ಹೋಗಿರಲಿಲ್ಲ.

ಜುಲೈ ೨೮, ಭಾನುವಾರ

ಎಂಟು ದಿನ ಈ ಪುಸ್ತಕ ತೆಗೆಯಲಿಲ್ಲ. ಅಲಮಾರಿಯ ಮೇಲಿಟ್ಟಿದ್ದೆ. ಈಗ ಬರೆದು ಮುಗಿಸುತ್ತೇನೆ.

ಎರಡು ಹತ್ತಕ್ಕೆ ನೋಡಿದ್ದು ಎಂಬತ್ತನಾಲ್ಕು. ಅಲ್ಲೇ ನಿಂತು ಮೂರಕ್ಕೂ ಎಂಬತ್ತನಾಲ್ಕು, ನಾಲ್ಕಕ್ಕೂ ಎಂಬತ್ತನಾಲ್ಕು ಬರೆದೆ. ಬೇಕೆಂದೇ ಮೂರರ ಬಿಪಿಯಲ್ಲಿ ಎರಡು ಅಂಕಿ ಹೆಚ್ಚು ಕಮ್ಮಿ ಮಾಡಿದೆ. ಒಂದೇ ಥರ ಇದ್ದರೆ ಚೆನ್ನಾಗಿ ಕಾಣುವುದಿಲ್ಲ ಅಂತ. ಅದನ್ನೂ ನನಗೆ ಯಾರೋ ಕಲಿಸಿದ್ದೇ.

ಅವರ ಮಗಳು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಾನೇ ಹೇಳಿದೆ, ಹೋಗಿ ಊಟ ಮಾಡಿ ಬನ್ನಮ್ಮ, ಮನೆಗೂ ಹೋಗಿ ಬನ್ನಿ, ನಾನಿದ್ದೀನಲ್ಲ ನೋಡ್ಕೊಳೋಕೆ ಅಂತ. ಬೇಡ ಸಿಸ್ಟರ್ ಅಂದರು. ಆಗ ಅವರ ತಾಯಿ ಅಂದದ್ದು, “ಹೋಗೇ, ಇಲ್ಲಿ ಕೂತು ನನ್ನ ಮುಖ ಯಾಕೆ ಕಾಯ್ತೀಯ? ಕೌಂಟರ್ ಮುಚ್ಚಿದೆ.” ಮೂವರೂ ನಕ್ಕೆವು. ಎರಡೂಕಾಲಿಗೆ ಮಗಳು ಹೋದರು. ಎರಡೂವರೆಗೆ ಆರನೇ ಮಂಚದ ಕೇಸು ಬಂತು.

ಆ ಮಾತು ಇಷ್ಟು ದಿನ ಎಲ್ಲಿತ್ತೋ ಗೊತ್ತಿಲ್ಲ.

ಆಗಸ್ಟ್ ೭, ಬುಧವಾರ

ಮನೆಯವರು ಕೇಳಿದರು, ಯಾಕೆ ಊಟ ಸೇರ್ತಿಲ್ಲ ಅಂತ. ಹೇಳಿದೆ. ಪೂರ್ತಿ ಹೇಳಿದೆ.

ಅವರು ಲೋಟದ ಅಂಚು ಒರೆಸಿ ಕೆಳಗಿಟ್ಟರು. “ನಾನು ಮಾಡಿಲ್ವಾ? ಬೀಗ ಹಾಕಿರೋ ಮನೆ, ನಾಯಿ ಇರೋ ಮನೆ, ಮೂರನೇ ಮಹಡಿ. ಹೋದ ತಿಂಗಳದ್ದು ನೋಡಿ, ಅದಕ್ಕೊಂದಿಷ್ಟು ಸೇರಿಸಿ, ಬರ್ಕೊಂಡು ಹೋಗೋದು. ಮೂವತ್ತೈದು ವರ್ಷ. ಒಂದು ಮನೆಯಂತೂ ಖಾಲಿ ಇದ್ದಿದ್ದು ನನಗೆ ವರ್ಷಗಟ್ಟಲೆ ಗೊತ್ತೇ ಇರಲಿಲ್ಲ. ದೆವ್ವಗಳಿಗೆ ಬಿಲ್ಲು ಕಳಿಸ್ತಿದ್ದೆ.”

ನನಗೆ ನಗು ಬಂತು.

“ಎಲ್ಲಾರೂ ಮಾಡೋದೇ ಕಣೇ. ನೀನೇನು ಆಕಾಶದಿಂದ ಇಳಿದವಳಾ?”

“ಮೀಟರಿಗೆ ಮಗಳಿರಲ್ಲ” ಅಂದೆ.

ಅವರು ಎದ್ದು ಹೋಗಿ ನನ್ನ ತಟ್ಟೆಯ ಊಟ ಬಿಸಿ ಮಾಡಿ ತಂದರು.

ಆಗಸ್ಟ್ ೨೯, ಗುರುವಾರ

ವಕೀಲಮ್ಮನ ಕೋಣೆಯಲ್ಲಿ ತಾಲೀಮು. ತಾನೇ ಎದುರು ಕಡೆಯ ವಕೀಲರಾಗಿ ಕೂತು ಪ್ರಶ್ನೆ ಹಾಕಿದಳು. ಮೂರು ಗಂಟೆಗೆ ರೋಗಿ ಹೇಗಿದ್ದರು? ಸ್ಥಿರವಾಗಿದ್ದರು. ಎಷ್ಟು ಹೊತ್ತು ಅಲ್ಲಿದ್ದಿರಿ? ಎರಡು ನಿಮಿಷ. ನಾಲ್ಕು ಸಲ ಕೇಳಿದಳು, ನಾಲ್ಕು ಸಲವೂ ಅದನ್ನೇ ಹೇಳಿದೆ. ಐದನೇ ಸಲ ನೀರು ಕೇಳಿದೆ.

ನೀರು ಕೊಟ್ಟು, ಕುಡಿಯುವುದನ್ನೇ ನೋಡುತ್ತಿದ್ದಳು. “ಅಮ್ಮಾ, ನನಗೆ ಹೇಳೋದು ಏನಾದ್ರೂ ಇದ್ರೆ ಇಲ್ಲೇ ಹೇಳ್ಬಿಡಿ. ಅಲ್ಲಿ ಬೇಡ. ಇಲ್ಲಿ ಹೇಳಿದ್ದು ಈ ಗೋಡೆ ದಾಟಲ್ಲ. ಎಷ್ಟೇ ಕೆಟ್ಟದ್ದಾಗಿದ್ರೂ ನಾನು ದಾರಿ ಹುಡುಕ್ತೀನಿ, ಆದ್ರೆ ಮೊದಲೇ ಗೊತ್ತಿರಬೇಕು.”

“ಏನಿಲ್ಲಮ್ಮ. ಸೆಕೆ.”

ಫ್ಯಾನು ಜೋರಾಗಿಯೇ ತಿರುಗುತ್ತಿತ್ತು.

ಯಾಕೆ ಹೇಳಲಿಲ್ಲವೋ. ಹೇಳಿದರೆ ಇಲ್ಲಿಗೆ ಎಲ್ಲ ಮುಗಿಯುತ್ತದಲ್ಲ ಎಂಬ ಹೆದರಿಕೆ. ಮನೆಯ ಗೋಡೆಯ ಮೇಲಿನ ಆ ಕಾಗದ, ಅದರ ಜಾಗದಲ್ಲಿ ಉಳಿಯುವ ಬಿಳಿ ಚೌಕ. ನಾಚಿಕೆಗೆಟ್ಟವಳ ಹಾಗೆ ಅದನ್ನೇ ಯೋಚಿಸುತ್ತ ಬಸ್ಸಿನಲ್ಲಿ ಬಂದೆ.

ಸೆಪ್ಟೆಂಬರ್ ೯, ಸೋಮವಾರ

ರೇಡಿಯೋ ಇವತ್ತು ಇಡೀ ಪಾಳಿ ಸುಮ್ಮನಿದ್ದಳು. ಊಟದ ಹೊತ್ತಿಗೆ ಬಂದು ಪಕ್ಕದಲ್ಲಿ ಕೂತು ಹೇಳಿದಳು, ಆಸ್ಪತ್ರೆಯ ವಕೀಲರು ತನ್ನ ಹೇಳಿಕೆ ಬರೆಸಿ ತಂದಿದ್ದಾರೆ, ಬುಧವಾರ ಸಹಿ ಹಾಕಬೇಕು, ಮೂರಕ್ಕೆ ನೀವು ಹೋಗಿದ್ರಿ ಅಂತ ಅದರಲ್ಲಿದೆ.

“ಹಾಕ್ಬೇಡ” ಅಂದೆ.

“ಯಾಕೆ?”

“ಹೊಟ್ಟೆನೋವು ಅಂತ ರಜೆ ಹಾಕು. ಶುಕ್ರವಾರ ಹಾಕ್ತೀನಿ ಅನ್ನು. ಗುರುವಾರ ನನ್ನ ಹೇಳಿಕೆ ಮುಗೀಲಿ.”

“ಸಿಸ್ಟರ್, ನೀವೇನು ಮಾಡೋಕೆ ಹೊರಟಿದ್ದೀರಿ?”

“ಗೊತ್ತಿಲ್ಲ ಕಣೇ” ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅವಳಿಗೆ ಇನ್ನೂ ಹದಿನೆಂಟು ವರ್ಷ ಸರ್ವೀಸ್ ಇದೆ.

ಸೆಪ್ಟೆಂಬರ್ ೧೨, ಗುರುವಾರ

ಹೇಳಿಕೆ ಬರೆದುಕೊಳ್ಳುವ ಕೋಣೆ ಕೋರ್ಟಿನ ಹಾಗಿರಲಿಲ್ಲ. ಉದ್ದದ ಮೇಜು, ಗೋಡೆ ಗಡಿಯಾರ, ಮೂಲೆಯಲ್ಲಿ ಬೆರಳಚ್ಚು ಮಾಡುವ ಗುಮಾಸ್ತರು. ತಲೆಯ ಕಡೆ ಕೂತ ಅಧಿಕಾರಿ ನಡುನಡುವೆ ಕನ್ನಡಕ ಒರೆಸುತ್ತಿದ್ದರು. ಈ ಕಡೆ ನಾನು, ವಕೀಲಮ್ಮ, ಆಸ್ಪತ್ರೆಯ ನಗುಮುಖದ ವಕೀಲರು. ಆ ಕಡೆ ಅವರ ವಕೀಲರು, ಪಕ್ಕದಲ್ಲಿ ಮಗಳು. ನವೆಂಬರಿನಲ್ಲಿ ನೋಡಿದ್ದಕ್ಕಿಂತ ಇಳಿದುಹೋಗಿದ್ದರು. ನನ್ನನ್ನು ನೋಡಿ, ಅಭ್ಯಾಸಬಲದಿಂದ ತಲೆ ಆಡಿಸಿದರು. ನಾನೂ ಆಡಿಸಿದೆ. ವಕೀಲಮ್ಮ ಕೆಳಗಿನಿಂದ ನನ್ನ ಕಾಲು ತುಳಿದಳು.

ಎರಡೂವರೆಗೆ ಶುರುವಾಯಿತು. ಅವರ ವಕೀಲರು ನಾಲ್ಕು ಗಂಟೆಯ ಸಾಲನ್ನೇ ಹಿಡಿದು ಜಗ್ಗಾಡಿದರು.

“ನಾಲ್ಕು ಗಂಟೆಗೆ ರೋಗಿ ಎಲ್ಲಿದ್ರು?”

“ಥಿಯೇಟರಿನಲ್ಲಿ.”

“ಥಿಯೇಟರಿನಲ್ಲಿರೋರ ನಾಡಿ ನೀವು ವಾರ್ಡಿನಲ್ಲಿ ಕೂತು ಹೇಗೆ ನೋಡಿದ್ರಿ?”

“ನೋಡಿರಲಿಲ್ಲ. ಮುಂಚೆಯೇ ಬರೆದಿಟ್ಟಿದ್ದೆ.”

“ಅಂದ್ರೆ ಸುಳ್ಳು ಬರೆದಿದ್ರಿ.”

“ಹೌದು.”

ಬಿಸಿಯೆಣ್ಣೆಯಲ್ಲಿ ಬಿದ್ದವಳ ಹಾಗೆ ಚಡಪಡಿಸುತ್ತೇನೆ ಎಂದು ಕಾದಿದ್ದರೇನೋ. ನಾನು ಹೌದು ಅಂದುಬಿಟ್ಟದ್ದಕ್ಕೆ ಅವರಿಗೆ ಮುಂದೆ ಹಿಡಿಯಲು ಕೊಂಬೆ ಸಿಗಲಿಲ್ಲ. ಮೂರರ ಬಗ್ಗೆ ಒಂದೇ ಒಂದು ಪ್ರಶ್ನೆ. “ಮೂರರ ಎದುರಿನದೂ ನಿಮ್ಮದೇ ಕೈಬರಹ?” ಹೌದು ಅಂದೆ. ಅಷ್ಟೇ. ಕೇಳಿದ್ದಕ್ಕಷ್ಟೇ ಉತ್ತರ. ಇನ್ನೇನೂ ಕೇಳುವುದಿಲ್ಲ ಎಂದು ಅವರು ಫೈಲು ಮುಚ್ಚಿದರು. ವಕೀಲಮ್ಮ ಮೇಜಿನ ಕೆಳಗೆ ನನ್ನ ಕೈ ಒತ್ತಿದಳು. ಆಸ್ಪತ್ರೆಯ ವಕೀಲರು ಆಗಲೇ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡಿದ್ದರು. ಮುಗಿದೇಹೋಗಿತ್ತು. ನಾನು ದಾಟಿಬಿಟ್ಟಿದ್ದೆ.

ಆಗ ಮಗಳು ಬಾಯಿ ಬಿಟ್ಟರು. ಯಾರ ಅನುಮತಿಯನ್ನೂ ಕೇಳಲಿಲ್ಲ.

“ಸಿಸ್ಟರ್, ಒಂದೇ ಕೇಳ್ತೀನಿ. ಮೂರು ಗಂಟೆಗೆ ನೀವು ಹೋದಾಗ ಅಮ್ಮ ಎಚ್ಚರ ಇದ್ರಾ? ಏನಾದ್ರೂ ಅಂದ್ರಾ?”

ಅವರ ವಕೀಲರು ತೋಳು ಹಿಡಿದರು. ಹೀಗೆಲ್ಲ ಕೇಳುವ ಹಾಗಿಲ್ಲಮ್ಮ ಎಂದು ಅಧಿಕಾರಿ ಕನ್ನಡಕ ಹಾಕಿಕೊಂಡರು. ಇದಕ್ಕೆ ಉತ್ತರ ಕೊಡೋ ಅಗತ್ಯ ಇಲ್ಲ ಎಂದು ವಕೀಲಮ್ಮ ನನ್ನ ಕಡೆ ತಿರುಗದೆಯೇ ಹೇಳಿದಳು.

“ಕೇಸಿಗಲ್ಲ” ಅಂದರು ಮಗಳು. “ನನಗೆ. ಅವರ ಕೊನೆ ಮಾತು ನೀವೇ ಕೇಳಿರ್ತೀರಿ ಅಂತ. ನಾನು ಹೊರಟುಹೋಗಿದ್ದೆನಲ್ಲ.”

ಮೂವತ್ತು ವರ್ಷದಲ್ಲಿ ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೆ, ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ರು ಅಂತ, ನಿಮ್ಮನ್ನೇ ಕೇಳ್ತಿದ್ರು ಅಂತ. ಅದು ಪುಣ್ಯದ ಕೆಲಸವೆಂದೇ ಮಾಡಿದ್ದು. ನಾಲಿಗೆಯ ತುದಿಗೆ ಬಂದಿತ್ತು. ಅವರಿಗೂ ಹಿತ, ನನಗೂ ಹಿತ. ಅವರ ಮುಖ ನೋಡಿದೆ. ನಾನು ಏನು ಹೇಳಿದರೂ ಅದನ್ನು ಮನೆಗೆ ಒಯ್ದು, ಬದುಕಿರುವ ತನಕ ಇಟ್ಟುಕೊಳ್ಳುತ್ತಾರೆ.

“ನಾನು ಹೋಗಲಿಲ್ಲಮ್ಮ” ಅಂದೆ. “ಮೂರಕ್ಕೆ ನಾನು ನಿಮ್ಮ ತಾಯಿ ಹತ್ರ ಹೋಗ್ಲೇ ಇಲ್ಲ. ಎರಡು ಹತ್ತಕ್ಕೇ ಮೂರೂ ಸಾಲು ಬರೆದಿದ್ದೆ. ನೀವು ಹೋದ ಮೇಲೆ ಇನ್ನೊಬ್ಬರಿಗೆ ಉಸಿರು ಸಿಗ್ತಿರಲಿಲ್ಲ, ಅಲ್ಲಿ ನಿಂತುಬಿಟ್ಟೆ. ನಿಮ್ಮ ತಾಯಿ ಕರೆದ್ರೋ ಇಲ್ವೋ ನನಗೆ ಗೊತ್ತಿಲ್ಲ.”

ಬೆರಳಚ್ಚಿನ ಸದ್ದು ನಿಂತಿತು. ಗುಮಾಸ್ತರು ಅಧಿಕಾರಿಯ ಮುಖ ನೋಡಿದರು. ಅಧಿಕಾರಿ ತಲೆಯಾಡಿಸಿದ ಮೇಲೆ ಮತ್ತೆ ಶುರುವಾಯಿತು.

“ಹಾಗಾದ್ರೆ ಒಂದೂವರೆ ಗಂಟೆ” ಅಂದರು ಮಗಳು.

“ಒಂದೂವರೆ ಗಂಟೆ.”

“ನಾನಿದ್ದೀನಲ್ಲ ಅಂದಿದ್ರಿ.”

“ಅಂದಿದ್ದೆ.”

ಅವರು ಅಳಲಿಲ್ಲ. ಕೈಚೀಲ ಮಡಿಲಿಗೆ ಎಳೆದುಕೊಂಡು, ಅದರ ಜಿಪ್ಪನ್ನು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಎಳೆದರು. ಆಮೇಲೆ, “ಇಷ್ಟು ದಿನ ನಾನು ಅಂದ್ಕೊಂಡಿದ್ದೆ, ಮೂರಕ್ಕೆ ಚೆನ್ನಾಗಿದ್ರು, ನಾನು ಅರ್ಧ ಗಂಟೆ ಬೇಗ ಬಂದಿದ್ರೆ ಸಾಕಿತ್ತು ಅಂತ” ಅಂದರು.

ಆಸ್ಪತ್ರೆಯ ವಕೀಲರ ಮುಖದಲ್ಲಿ ಮೊದಲ ಸಲ ನಗುವಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ನಮ್ಮ ಆಸ್ಪತ್ರೆಗೂ ಈ ಮಾತಿಗೂ ಸಂಬಂಧವಿಲ್ಲ ಎಂದು ದಾಖಲಿಸಿ ಅಂದರು. ಒಂದೇ ಮನೆ ಅಲ್ಲೇ ಎರಡು ಪಾಲಾಯಿತು.

ಅಧಿಕಾರಿ ಹತ್ತು ನಿಮಿಷ ಬಿಡುವು ಕೊಟ್ಟರು. ಹೊರಗಿನ ಬೆಂಚಿನ ಮೇಲೆ ವಕೀಲಮ್ಮ ನನ್ನ ಪಕ್ಕ ಕೂತು ನೆಲ ನೋಡುತ್ತಿದ್ದಳು.

“ಮೊದಲ ದಿನವೇ ಹೇಳಬೇಕಿತ್ತು ನನಗೆ.”

“ಹೌದಮ್ಮ.”

“ಆರನೇ ಮಂಚದವರನ್ನ ಸಾಕ್ಷಿಗೆ ಕರೆಸಬಹುದಿತ್ತು. ಇಪ್ಪತ್ತೆರಡು ಜನಕ್ಕೆ ಇಬ್ಬರನ್ನ ಹಾಕಿದ್ದು ಯಾರು ಅಂತ ಕೇಳಬಹುದಿತ್ತು. ಕೌನ್ಸಿಲಿಗೆ ನಾವೇ ಮೊದಲು ಬರೀಬಹುದಿತ್ತು. ಈಗ ಇದನ್ನೆಲ್ಲ ಹಿಂದಿನಿಂದ ಓಡ್ಕೊಂಡು ಹೋಗಿ ಹಿಡೀಬೇಕು.”

“ನೋಂದಣಿ?”

“ಸುಳ್ಳು ಹೇಳಲ್ಲ ನಿಮಗೆ. ಅಮಾನತಂತೂ ಮಾಡ್ತಾರೆ. ರದ್ದಾಗದ ಹಾಗೆ ನೋಡ್ತೀನಿ.” ಎದ್ದು ನಿಂತು ನನ್ನ ಸೆರಗು ಸರಿಮಾಡಿದಳು, ನಾನು ರೋಗಿಗಳಿಗೆ ಮಾಡುವ ಹಾಗೆ. “ನಡೀರಿ, ಸಹಿ ಇದೆ.”

ಒಂಬತ್ತು ಹಾಳೆ. ಪ್ರತಿಯೊಂದನ್ನೂ ಓದಿ ಸಹಿ ಹಾಕಬೇಕಂತೆ. ಓದಿದೆ. ನಾನು ಅಂದದ್ದೆಲ್ಲ ಹಾಗೆಹಾಗೇ ಇತ್ತು, ಮಗಳು ಕೇಳಿದ್ದೂ ಇತ್ತು. ಮೇಜಿನ ಆ ಕಡೆ ಅವರು ಇನ್ನೂ ಕೂತೇ ಇದ್ದರು. ಕೊನೆಯ ಹಾಳೆಯ ಸಹಿಯ ಕೆಳಗೆ ತಾರೀಖು, ಸಮಯ ಎಂದು ಎರಡು ಗೆರೆ.

ಗೋಡೆ ಗಡಿಯಾರ ನೋಡುತ್ತ ಪೆನ್ನು ಹಿಡಿದು ನಿಂತಿದ್ದೆ. ಗುಮಾಸ್ತರಿಗೆ ಬಸ್ಸಿನ ಅವಸರವಿತ್ತೇನೋ.

“ನಾಲ್ಕು ಅಂತ ಹಾಕ್ಬಿಡಿ ಸಿಸ್ಟರ್” ಅಂದರು.

“ಇನ್ನೂ ಆಗಿಲ್ಲ” ಎಂದು, ಮೂರು ಐವತ್ತಮೂರು ಬರೆದೆ.